ಮೊದಲ ಹಾಡು ಆರಿಸುತ್ತಿದ್ದ ಶರಣಯ್ಯನವರು

ಈಶ್ವರಿ ಹತ್ತಿಯ ತುದಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಟೇಪ್ ಡೆಕ್ಕಿನಲ್ಲಿ ರೀಲು ಉಜ್ಜಿಕೊಂಡು ಓಡುವ ಹೆಡ್ಡನ್ನು ಒರೆಸುತ್ತಿದ್ದಳು. ಹತ್ತಿ ಕಂದು ಬಣ್ಣಕ್ಕೆ ತಿರುಗಿತು, ಬದಲಿಸಿದಳು. ಮತ್ತೆ ಕಂದಾಯಿತು, ಮತ್ತೆ ಬದಲಿಸಿದಳು. ಎದುರಿಗೆ ಶರಣಯ್ಯನವರು ಹಳೆಯ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಈಶ್ವರಿ ಬಂದಾಗಿನಿಂದ ಹನ್ನೊಂದು ವರ್ಷ ಆ ಅಂಗಡಿಯ ಬೆಳಗು ಹೀಗೆಯೇ ಶುರುವಾಗಿತ್ತು. ಇನ್ನು ಎಂಟು ದಿನಕ್ಕೆ ಅದು ಮುಗಿಯಲಿತ್ತು.

ಮಕ್ತಲ್ ಬಸ್ ನಿಲ್ದಾಣದ ಎದುರು ಮೂವತ್ತೆರಡು ವರ್ಷ ರೆಕಾರ್ಡಿಂಗ್ ಅಂಗಡಿ ನಡೆಸಿ, ಹೊಸ ರಾಜ್ಯ ಉದಯಿಸಿದ ಈ 2014ರ ಜೂನ್ ತಿಂಗಳಲ್ಲಿ ವಿಶ್ರಾಂತಿ ಪಡೆಯುತ್ತಿರುವ ಶರಣಯ್ಯನವರನ್ನು ನಾರಾಯಣಪೇಟೆಯಿಂದ ಗದ್ವಾಲದವರೆಗಿನ ಭಜನಾ ಮಂಡಳಿಗಳೆಲ್ಲ ಬಲ್ಲವು. ಕೃಷ್ಣಾ ತೀರದ ಕಳೆ ಕೀಳುವ ಹೆಂಗಸರ ಪದಗಳನ್ನೂ, ಮಠಗಳ ವಚನಗಾಯನವನ್ನೂ, ತೆಲುಗಿನ ಹೋರಾಟದ ಹಾಡುಗಳನ್ನೂ ಒಂದೇ ಶ್ರದ್ಧೆಯಿಂದ ಕ್ಯಾಸೆಟ್ಟಿಗೆ ಇಳಿಸಿದವರು ಅವರು. ಆದರೆ ಅವರ ನಿಜವಾದ ವಿದ್ಯೆ ಇದ್ದದ್ದು ಯಾವ ಹಾಡು ಮೊದಲು ಬರಬೇಕೆಂದು ತೀರ್ಮಾನಿಸುವುದರಲ್ಲಿ. ಹೊಸ ಕ್ಯಾಸೆಟ್ಟಿನ ಹಾಡುಗಳನ್ನು ಅಂಗಡಿಯ ಹೊರಗಿನ ಸ್ಪೀಕರಿನಲ್ಲಿ ಹಾಕಿ, ಒಳಗೆ ಕುಳಿತು, ಬಸ್ಸಿಗೆ ಓಡುವವರ ಕಾಲುಗಳನ್ನು ನೋಡುತ್ತಿದ್ದರು. ಯಾವ ಹಾಡಿಗೆ ಹೆಚ್ಚು ಕಾಲು ತಡೆದು ನಿಲ್ಲುತ್ತವೋ ಅದಕ್ಕೆ ಮೊದಲ ಸ್ಥಾನ.

ಏಳನೆಯ ತರಗತಿಗೇ ಶಾಲೆ ಬಿಟ್ಟ ಈಶ್ವರಿಯನ್ನು ಅವಳ ತಾಯಿ ಬುಗ್ಗಮ್ಮ ಈ ಅಂಗಡಿಗೆ ಕರೆತಂದಳು. ಪದ ಹಾಡಲು ಬಂದ ತಾಯಿಯ ಸೆರಗಿನ ಹಿಂದೆ ನಿಂತಿದ್ದ ಹುಡುಗಿಯ ಕೈಗೆ ಶರಣಯ್ಯನವರು ಪೆನ್ನು ಕೊಟ್ಟು, ಕ್ಯಾಸೆಟ್ಟಿನ ಚೀಟಿಯ ಮೇಲೆ ಹಾಡುಗಳ ಹೆಸರು ಬರೆಯಲು ಹೇಳಿದರು. ತಪ್ಪಾದರೆ ಗದರಲಿಲ್ಲ; ಹೊಸ ಚೀಟಿ ಕೊಟ್ಟರು. ಸಾವಿರಾರು ಚೀಟಿಗಳನ್ನು ಬರೆದು ಬರೆದೇ ಈಶ್ವರಿಯ ಕನ್ನಡ ತಿದ್ದಿಕೊಂಡಿತು. ಅವಳಿಗೆ ಅದೇ ಶಾಲೆಯಾಯಿತು.

ಎಂಟು ಹಾಡಿನ ಒಂದು ಕ್ಯಾಸೆಟ್ಟಿಗೆ ಅವರು ಅವಳಿಂದಲೂ ಒಂದು ಹಾಡು ಹಾಡಿಸಿದರು. ಜನರೆದುರು ಅವಳಿಗೆ ದನಿ ಏಳುವುದಿಲ್ಲವೆಂದು ತಿಳಿದು, ಶಟರ್ ಅರ್ಧ ಇಳಿಸಿ, ತಾವು ಗೋಡೆಯ ಕಡೆ ಮುಖ ಮಾಡಿ ಕುಳಿತು ಹಾಡಿಸಿಕೊಂಡರು. ಹಾಡು ಚೆನ್ನಾಗಿಯೇ ಬಂತು. ಆದರೆ ಮೊದಲ ಸ್ಥಾನ ಸಿಕ್ಕಿದ್ದು ನಾರಾಯಣಪೇಟೆಯ ಸೀರೆ ವ್ಯಾಪಾರಿಯ ಮಗಳು ಶಿವಗಂಗಾಗೆ. ಎಂಟೂ ಹಾಡುಗಳಿದ್ದ ಆ ಬದಿಯ ತೀರ ಕೊನೆಗೆ ಈಶ್ವರಿಯ ಹಾಡು ಹೋಯಿತು.

"ನಿಂದು ಕಡೀಗೆ ಇರಲಿ ಯವ್ವಾ," ಅಂದರು ಶರಣಯ್ಯನವರು. "ಕಡೀತನ ಕುಂತು ಕೇಳಿದಾವಗ ಸಿಗಲಿ."

ಈಶ್ವರಿ ತಲೆಯಾಡಿಸಿದಳು. ಕಡೆಯತನಕ ಯಾರು ಕೂರುತ್ತಾರೆಂಬುದು ಅವಳಿಗೆ ಗೊತ್ತಿತ್ತು. ರಿಪೇರಿಗೆ ಬಂದ ಕ್ಯಾಸೆಟ್ಟುಗಳನ್ನು ಬಿಚ್ಚುವವಳು ಅವಳೇ. ಶಿವಗಂಗಾಳ ಹಾಡು ಇರುವ ಕಡೆ ರೀಲು ಓಡಿ ಓಡಿ ಸವೆದು ಮಂಕಾಗಿರುತ್ತಿತ್ತು. ತನ್ನ ಹಾಡು ಇರುವ ಕಡೆ, ಆ ದಿನವೇ ಅಂಗಡಿಯಿಂದ ಹೋದಂತೆ ಮಿರಮಿರ ಮಿಂಚುತ್ತಿತ್ತು. ಆ ಮಿಂಚನ್ನು ಕಂಡಾಗಲೆಲ್ಲ ಅವಳಿಗೆ ಶಿವಗಂಗಾಳ ಮೇಲೆ ಕಿಚ್ಚೇಳುತ್ತಿತ್ತು.

ಶಿವಗಂಗಾ ಕೆಟ್ಟವಳಾಗಿದ್ದರೆ ಆ ಕಿಚ್ಚಿಗೆ ಒಂದು ಕಾರಣವಾದರೂ ಇರುತ್ತಿತ್ತು. ಅವಳು ಬಂದಾಗಲೆಲ್ಲ ಈಶ್ವರಿಯ ಪಕ್ಕದಲ್ಲೇ ಕೂರುತ್ತಿದ್ದಳು. "ನಿನ್ನ ಹಾಡು ನಮ್ಮನ್ಯಾಗ ಎಲ್ಲಾರಿಗೂ ಸೇರೈತಿ ನೋಡ," ಎನ್ನುತ್ತಿದ್ದಳು. ಆ ಮಾತು ಇನ್ನಷ್ಟು ಉರಿಸುತ್ತಿತ್ತು.

ಪ್ರತ್ಯೇಕ ರಾಜ್ಯಕ್ಕಾಗಿ ನಡೆದ 2011ರ ಮುಷ್ಕರದಲ್ಲಿ ಬಸ್ಸುಗಳು ನಿಂತಿದ್ದಾಗ, ಗದ್ವಾಲದ ಭಜನಾ ಮಂಡಳಿಯವರು ಆ ಕ್ಯಾಸೆಟ್ಟಿನ ನಲವತ್ತು ಪ್ರತಿ ಬೇಕೆಂದು ಹೇಳಿಕಳಿಸಿದರು. ಕ್ಯಾಸೆಟ್ಟಿನ ತುದಿಯಲ್ಲಿ ಹಾಡು ಹಿಡಿಯದ ಒಂದು ಬಿಳಿ ಪಟ್ಟಿ ಇರುತ್ತದೆ. ಅದನ್ನು ಮೊದಲು ಬೆರಳಿನಿಂದ ತಿರುವಿ ದಾಟಿಸಿ ಆಮೇಲೆ ರೆಕಾರ್ಡ್ ಒತ್ತಬೇಕು. ಇಲ್ಲವಾದರೆ ಮೊದಲ ಹಾಡಿನ ಆರಂಭ ಪಟ್ಟಿಯ ಮೇಲೆಯೇ ಕಳೆದುಹೋಗುತ್ತದೆ. ಶರಣಯ್ಯನವರು ಈಶ್ವರಿಗೆ ಕಲಿಸಿದ ಮೊದಲ ಪಾಠ ಅದು. ಅಂದು ಅವಳು ನಲವತ್ತರಲ್ಲಿ ಒಂದನ್ನೂ ತಿರುವಲಿಲ್ಲ. ಮರೆವಿನಿಂದಲ್ಲ.

ಮಂಡಳಿಯವರ ಕಡೆಯಿಂದ ಬಂದು ಕ್ಯಾಸೆಟ್ಟುಗಳನ್ನು ಟ್ರ್ಯಾಕ್ಟರಿನಲ್ಲಿ ಒಯ್ದವನು ಮೊಗುಲಪ್ಪ. ಜೂರಾಲ ಅಣೆಕಟ್ಟಿನ ಮೇಲೆ ಹೋಗುತ್ತ ಒಂದನ್ನು ಹಾಕಿ ಕೇಳಿದವನು, ಅಲ್ಲಿಂದಲೇ ಎಲ್ಲವನ್ನೂ ಹೊತ್ತು ಹಿಂದಿರುಗಿ ಬಂದ.

"ಅಯ್ಯನೋರ, ಹಾಡಿನ ತಲಿ ಎಲ್ಲಿ ಇಟಗೊಂಡೀರಿ? ಬರೇ ಮುಂಡ ಕೊಟ್ಟು ಕಳಿಸೀರಲ್ರೀ!"

ಶರಣಯ್ಯನವರು ಕ್ಯಾಸೆಟ್ ಹಾಕಿ ಕೇಳಿದರು. ಇನ್ನೊಂದನ್ನು ಹಾಕಿದರು. ಮೂರನೆಯದನ್ನು ಹಾಕಲಿಲ್ಲ. ಈಶ್ವರಿಯ ಕಡೆ ಒಮ್ಮೆ ನೋಡಿ ಮೊಗುಲಪ್ಪನ ಕಡೆ ತಿರುಗಿದರು.

"ತಪ್ಪು ನಂದ ಐತಪ. ವಯಸ್ಸಾತು, ಪಟ್ಟಿ ತಿರುವಾಕ ಮರತೆ."

"ನಿಮಗ ಮರವು? ಹಂಗಾದ್ರ ನಾಳೆ ಮುಂಡಾನೂ ಮರೀತೀರಿ," ಎಂದು ನಗುತ್ತ ಮೊಗುಲಪ್ಪ ಹೊರಟುಹೋದ.

ಎರಡು ದಿನ ಕುಳಿತು ಮೂವತ್ತೊಂಬತ್ತು ಕ್ಯಾಸೆಟ್ಟುಗಳನ್ನು ಅವರೊಬ್ಬರೇ ಮತ್ತೆ ತುಂಬಿದರು. ನಲವತ್ತನೆಯದನ್ನು ಈಶ್ವರಿಯ ಮುಂದಿಟ್ಟು, "ಇದನ್ನ ನೀ ತಿರುವವ್ವ," ಅಂದರು. ಅದರ ಹೊರತು ಒಂದು ಮಾತಿಲ್ಲ. ಅಂದಿಗೂ ಇಲ್ಲ, ಆಮೇಲೂ ಇಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ತಮ್ಮ ಕೆಲಸದ ಮೇಲೆ ಎಂದೂ ಬಾರದ ಕಳಂಕವನ್ನು, ಬಾಯಿ ಬಿಡಲಾರದ ಒಬ್ಬ ಹುಡುಗಿಗಾಗಿ ತಮ್ಮ ಮೇಲೆ ಎಳೆದುಕೊಂಡ ಶರಣಯ್ಯನವರ ದೊಡ್ಡತನ ಅವರ ಈ ಅಭಿನಂದನ ಗ್ರಂಥದಲ್ಲಿ ದಾಖಲಾಗಲೇಬೇಕು, ದಾಖಲಿಸಬಲ್ಲವಳು ಈಶ್ವರಿಯೊಬ್ಬಳೇ.

ಕಿಚ್ಚು ಅಂದಿಗೇ ಆರಿತೆಂದು ಬರೆದರೆ ಸುಳ್ಳಾದೀತು. ಈ ಅಭಿನಂದನ ಗ್ರಂಥದ ಜೊತೆಗೆ, ಅಂಗಡಿಯಲ್ಲಿ ಮೂಡಿದ ಹನ್ನೆರಡು ಹಾಡುಗಳ ಒಂದು ಸಿ.ಡಿ.ಯೂ ಬರಲಿದೆ. ಹಾಡುಗಳ ಕ್ರಮವನ್ನು ಶರಣಯ್ಯನವರು ಹೇಳಿದರು, ಈಶ್ವರಿ ಬರೆದುಕೊಂಡಳು. ಮೊದಲನೆಯದು ಶಿವಗಂಗಾಳ ಹಾಡು. ಹನ್ನೆರಡನೆಯದಾಗಿ ಅವಳು ತನ್ನ ಹೆಸರನ್ನು ತನ್ನ ಕೈಯಾರೆ, ಉಳಿದೆಲ್ಲ ಹೆಸರುಗಳಷ್ಟೇ ದುಂಡಗೆ ಬರೆದಳು.

ಇಷ್ಟೊಂದು ಜನರ ದನಿಯನ್ನು ಕಾಪಿಟ್ಟ ಆ ಕೈಗಳಿಗೆ ನೂರು ವರ್ಷ ಬಲವಿರಲಿ. ಆ ಕಿವಿಗಳು ಇನ್ನೂ ಹಲವು ಹೊಸ ಕೊರಳುಗಳನ್ನು ಗುರುತಿಸಲಿ. ಅಂಗಡಿ ಮುಚ್ಚಿದರೂ ಅವರ ಮನೆಯ ಅಂಗಳದಲ್ಲಿ ಪದ ಹಾಡುವವರು ಬಂದು ಕೂರುತ್ತಲೇ ಇರಲಿ. ಇದು ಈಶ್ವರಿಯ ಹಾರೈಕೆ, ಮನಸಾರೆ.

ಆ ಬೆಳಗ್ಗೆ ಹೆಡ್ ಒರೆಸಿ ಮುಗಿಸಿದ ಮೇಲೆ, ಶರಣಯ್ಯನವರು ಶಿವಗಂಗಾಳ ಕ್ಯಾಸೆಟ್ ಆರಿಸಿ ಡೆಕ್ಕಿಗೆ ಹಾಕಿದರು. ಹನ್ನೊಂದು ವರ್ಷದಲ್ಲಿ ಏನನ್ನೂ ಕೇಳದ ಈಶ್ವರಿ, ಕಂದಾದ ಹತ್ತಿಯನ್ನು ಮುಷ್ಟಿಯಲ್ಲಿ ಹಿಡಿದು ಕೇಳಿದಳು.

"ಅಯ್ಯನೋರ, ನನ್ನ ಹಾಡು ಒಂದ್ಸಲ ಮೊದಲಿಗೆ ಹಾಕ್ರಿ."

ಡೆಕ್ಕಿನಲ್ಲಿ ಬಿಳಿ ಪಟ್ಟಿ ಸದ್ದಿಲ್ಲದೆ ಓಡುತ್ತಿತ್ತು; ಶಿವಗಂಗಾಳ ಹಾಡು ಇನ್ನೂ ಶುರುವಾಗಿರಲಿಲ್ಲ.