ಕೊಟ್ರಿ ಕರೆದ ಮೀಟಿಂಗು

ಮೊನ್ನೆ ಶನಿವಾರ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲೂ ಒಲೆ ಹಚ್ಚಲಿಲ್ಲ. ಸಿಲಿಂಡರ್ ಖಾಲಿಯಾಗಿತ್ತೇ? ಇಲ್ಲ. ಹಿಂದಿನ ಸಂಜೆ ಎದುರುಮನೆಯ ಕೊಟ್ರಿ ಕುಂಕುಮದ ಬಟ್ಟಲು ಹಿಡಿದು ಬಂದು, ನನ್ನ ಹಣೆಗೂ ಇಟ್ಟು, "ನಾಳಿ ಹನ್ನೊಂದಕ್ಕ ನಮ್ಮ ಸಾಲಿಗೆ ಬರ್ಬೇಕ್ರಿ. ಮನಿ ಮಂದಿ ಎಲ್ಲಾ. ಒಲಿ ಹಚ್ಚಬ್ಯಾಡ್ರಿ" ಎಂದು ಹೇಳಿ ಹೋಗಿದ್ದಳು.

ಶಾಲೆಯಲ್ಲಿ ಏನೋ ಊಟ ಇಟ್ಟಿರಬೇಕು ಅಂದುಕೊಂಡೆವು. ಅಷ್ಟು ಗೌರವದಿಂದ ಕರೆದರೆ ಯಾರಿಗೆ ಅನುಮಾನ ಬರುತ್ತದೆ?

ಕೊಟ್ರಿ ಐದನೇ ಕ್ಲಾಸು. ವಯಸ್ಸಿಗೆ ತಕ್ಕ ಬುದ್ಧಿ ಬೆಳೆದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಮಗ್ಗಿ ಹತ್ತುವುದಿಲ್ಲ. ಇವತ್ತು ಬಂದ ಅಕ್ಷರ ನಾಳೆ ಇರುವುದಿಲ್ಲ. ಆದರೆ ಓಣಿಯಲ್ಲಿ ಯಾರದೇ ಸೀಮಂತ, ಗೃಹಪ್ರವೇಶವಿರಲಿ, ಊಟಕ್ಕೆ ಹೇಳಲು ಹೊರಟ ಅಜ್ಜಿ ಹಾಲಮ್ಮನ ಸೆರಗು ಹಿಡಿದು ಮನೆಮನೆ ತಿರುಗಿದವಳು.

ಹೀಗಿರುವಾಗ ಮೇಷ್ಟ್ರು ಕ್ಲಾಸಿನಲ್ಲಿ, ನಾಳೆ ಪಾಲಕರ ಮೀಟಿಂಗ್, ಎಲ್ಲರನ್ನೂ ಕರೆಯಿರಿ ಅಂದಿದ್ದಾರೆ. ಉಳಿದ ಮಕ್ಕಳು ಗೇಟು ದಾಟುವಷ್ಟರಲ್ಲಿ ಮರೆತರು. ಕೊಟ್ರಿ ಕರೆದಳು. ಅವಳಿಗೆ ಕರೆಯಲು ಗೊತ್ತಿದ್ದದ್ದು ಅದೊಂದೇ ರೀತಿ!

ಅವಳ ತಾಯಿ ನಾಗವೇಣಿಗೆ ಮಾತ್ರ ಆ ಮೀಟಿಂಗ್ ನೆನೆದರೆ ಜ್ವರ. ಕೊಟ್ರಿ ಆರನೇ ಕ್ಲಾಸಿಗೆ ಬರುವುದು ಬೇಡ, ಮನೆಯಲ್ಲೇ ಇರಲಿ, ಆಗಾಗ ಯಾರಾದರೂ ಬಂದು ಕಲಿಸುತ್ತಾರೆ ಎಂದು ಮೇಷ್ಟ್ರು ಮೊದಲೇ ಸುಳಿವು ಕೊಟ್ಟಿದ್ದರು. ಅವತ್ತು ಅದು ತೀರ್ಮಾನವಾಗಬೇಕಿತ್ತು.

ಹನ್ನೊಂದಕ್ಕೆ ಓಣಿಗೆ ಓಣಿಯೇ ಶಾಲೆಯಲ್ಲಿ. ರೇಷ್ಮೆ ಸೀರೆಯವರೂ ಇದ್ದರು. (ಒಬ್ಬಳು ನಾನೇ.) ಮಾತು ಬಿಟ್ಟಿದ್ದ ವಾರಗಿತ್ತಿಯರಿಬ್ಬರು ಒಂದೇ ಬೆಂಚಿನಲ್ಲಿ. ಕೊಟ್ರಿ ಬಾಗಿಲಲ್ಲಿ ನಿಂತು, "ಬಾ ಅತ್ತಿ, ಕುಂದ್ರು. ಮಾವ, ನೀರು ಕುಡಿ" ಎಂದು ಉಪಚರಿಸುತ್ತಿದ್ದಾಳೆ.

ನಾಲ್ಕೈದು ಪಾಲಕರು ಬಂದರೆ ಹೆಚ್ಚು ಎಂದುಕೊಂಡಿದ್ದ ಮೇಷ್ಟ್ರು ತಬ್ಬಿಬ್ಬು. "ಯಾರ್ ಕರದ್ರಿ ಇಷ್ಟು ಮಂದೀನ?"

"ಕೊಟ್ರಿ ಕರದಾಳ್ರಿ," ಎಂದ ಮಿರ್ಚಿ ಅಂಗಡಿ ವೀರಣ್ಣ. "ಊಟ ಎಲ್ಲೈತ್ರಿ?"

ಬಿಸಿಯೂಟದ ಅಕ್ಕ ಅಡುಗೆಮನೆಗೆ ಒಳಗಿನಿಂದ ಚಿಲಕ ಹಾಕಿಕೊಂಡಳು.

ವಿಷಯ ಗೊತ್ತಾದದ್ದೇ ನಗು ಶುರುವಾಯಿತು ನೋಡಿ, ನಿಲ್ಲುವ ಲಕ್ಷಣವೇ ಇಲ್ಲ. ಕೊನೆಗೆ ವೀರಣ್ಣ, "ಕರದ ಹುಡುಗಿ ಮರ್ಯಾದಿ ಉಳೀಬೇಕಲ್ಲ" ಎಂದು ತನ್ನ ಅಂಗಡಿಯಿಂದಲೇ ಮಂಡಕ್ಕಿ, ಮಿರ್ಚಿ ತರಿಸಿದ. ಕೊಟ್ರಿಯೇ ಹಂಚಿದಳು. ವಾರಗಿತ್ತಿಯರಿಗೂ.

"ಒಂದು ಮಾತು ತಪ್ಪದಂಗ ಹೇಳಿ ಬಂದಾಳ. ಹೆಂಗ್ ಕಲಿಸಿದ್ರಿ ಅಜ್ಜಿ?" ಎಂದರು ಮೇಷ್ಟ್ರು.

"ಕಲಿಸೋದೇನ್ ಬಂತಪ್ಪ. ಜೋಡಿ ಕರ್ಕೊಂಡು ಅಡ್ಡಾಡೀನಿ."

"ಒಲಿ ಹಚ್ಚಬ್ಯಾಡ್ರಿ ಅನ್ನೋದೊಂದು ಬಿಟ್ಟಿದ್ರ ಚಲೋ ಇತ್ತು," ಎಂದು ನಕ್ಕರು ಮೇಷ್ಟ್ರು.

ಓದು ಬೇಡ ಅಂತ ನಾನು ಹೇಳುತ್ತಿಲ್ಲ. ಕೊಟ್ರಿಗೆ ಅಕ್ಷರವೂ ಬೇಕು, ಬಸ್ಸಿನ ಬೋರ್ಡು ಓದಲಾದರೂ ಬೇಕು. ಆದರೆ ನಾಲ್ಕು ಜನರ ಜೊತೆ ತಿರುಗಿ ಕಲಿಯುವ ಹುಡುಗಿಯನ್ನು ಮನೆಯಲ್ಲಿ ಒಬ್ಬಳನ್ನೇ ಕೂರಿಸಿದರೆ ಬಂದದ್ದೂ ಹೋಗುವುದಿಲ್ಲವೇ?

ನಾಗವೇಣಿ ಎದ್ದು ನಿಂತಳು. "ಸರ್, ಆರನೇ ಕ್ಲಾಸಿನ ವಿಷಯ..."

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಕೊಟ್ರಿ ಓಡಿಬಂದಳು. ಚೀಲದಲ್ಲೇ ಇತ್ತು ಕುಂಕುಮದ ಬಟ್ಟಲು. ತುದಿಗಾಲಲ್ಲಿ ನಿಂತು ಅವರ ಹಣೆಗಿಟ್ಟಳು. "ಸರ್, ಆರನೇ ಕ್ಲಾಸಿಗೆ ನೀವೂ ಬರ್ಬೇಕ್ರಿ. ಮನಿ ಮಂದಿ ಎಲ್ಲಾ."

ಕನ್ನಡಕದ ಮೇಲೂ ಕುಂಕುಮ ಉದುರಿತ್ತು. ಮೇಷ್ಟ್ರು ಅದನ್ನು ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಬರ್ತೀನವ್ವ," ಎಂದರು. "ನೀನೂ ಬಾ."

ನಾಗವೇಣಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಈಗ ನಮ್ಮ ಓಣಿಗೆ ಒಂದೇ ಚಿಂತೆ: ಜೂನಿನಲ್ಲಿ ಶಾಲೆ ಶುರುವಾಗುವ ದಿನ ಒಲೆ ಹಚ್ಚಬೇಕೋ, ಬೇಡವೋ?