ಪೆಟ್ಟು ಬಿದ್ದ ಜಾಗ

ಹೋದ ತಿಂಗಳು ಒಂದು ಭಾನುವಾರ ರೊಟ್ಟಿ ಉಂಡು ಅಡ್ಡಾಗಿದ್ದೆ. ಒಳಕೋಣೆಯಿಂದ ಕಾರಿನ ತಗಡು ಮಡಚಿಕೊಳ್ಳುವ ಸದ್ದು ಬಂತು. ತಗಡು ಮಡಚುವಾಗ ಒಂದು ಸದ್ದು, ಹರಿಯುವಾಗ ಇನ್ನೊಂದು. ಮೂವತ್ತು ವರ್ಷ ರಾಯಾಪುರದ ಗ್ಯಾರೇಜಿನಲ್ಲಿ ಅಪಘಾತದ ಗಾಡಿಗಳನ್ನು ಬಡಿದು ನೆಟ್ಟಗೆ ಮಾಡಿದ ಕಿವಿ ನನ್ನದು, ತಪ್ಪುವುದಿಲ್ಲ. ಎದ್ದು ಓಡಿದೆ. ಮಗಳು ವೀಣಾ ಕಂಪ್ಯೂಟರಿನಲ್ಲಿ ಕಾರಿನ ಗೇಮ್ ಆಡುತ್ತಿದ್ದಳು.

ಬೈಯಬೇಕೆಂದೇ ಹೋದವನು ನಿಂತುಬಿಟ್ಟೆ. ಪರದೆಯ ಮೇಲಿನ ಕಾರು ಕಂಬಕ್ಕೆ ಬಡಿದಿತ್ತು. ಬಂಪರ್ ಒಳಗೆ ಹೋಗಿ, ಬಾನೆಟ್ ನಡುವೆ ಗುಡಿಸಲಿನ ಮಾಡಿನ ಹಾಗೆ ಎದ್ದು, ಎಡಬಾಗಿಲು ಎರಡು ಬೆರಳು ಸರಿದಿತ್ತು. ಹಾಗೆ ಬಡಿದರೆ ಬಾಗಿಲು ಅಷ್ಟೇ ಸರಿಯುತ್ತದೆ.

"ಇದನ್ನ ಮಾಡಿದಾಂವಗ ಪತ್ರಾ ಬಡಿಯೂ ಕೆಲಸ ಗೊತ್ತೈತಿ" ಅಂದೆ.

"ಅಪ್ಪಾ, ನೀನೂ ಒಂದ್ ಸಲ ಆಡಿ ನೋಡು."

"ಏಳನೇ ಇಯತ್ತೆಗೆ ಸಾಲಿ ಬಿಟ್ಟಾಂವ ನಾ. ನನಗ ತಿಳಿಯಂಗಿಲ್ಲ."

"ಬಿ.ಕಾಂ. ಓದಾಕತ್ತಾಕಿಗೆ ಲೆಕ್ಕ ತಿಳಿಯವಲ್ದು, ಇದು ತಿಳಿತೈತಿ. ಬಾ, ಕುಂಡ್ರು."

ತಿಳಿಯಿತು. ನಿಮ್ಮೆದುರು ಮುಚ್ಚಿಡುವುದೇನು, ಮರುದಿನದಿಂದ ಗ್ಯಾರೇಜಿನಿಂದ ಬಂದು ಕೈಯ ಗ್ರೀಸು ಸರಿಯಾಗಿ ತೊಳೆಯುವ ಮೊದಲೇ ಆ ಕುರ್ಚಿ ಹಿಡಿಯತೊಡಗಿದೆ. "ಇಪ್ಪತ್ತ ವರ್ಷದ್ದು ಎದ್ದು ಹೋತು, ಐವತ್ತೆರಡರ ಕೂಸು ಬಂದು ಕುಂತೈತಿ" ಎಂದು ಹೆಂಡತಿ ಚಹಾದ ಕಪ್ಪು ಕುಕ್ಕಿ ಹೋಗುವಳು. ನಾನು ಓಡಿಸುವುದಕ್ಕಿಂತ ಬಡಿಯುವುದೇ ಹೆಚ್ಚು. ಬಡಿದು, ಸುತ್ತ ತಿರುಗಿ ಡೆಂಟ್ ನೋಡುವುದು. ಆಮೇಲೆ ಒಂದು ಗುಂಡಿ ಒತ್ತಿದರೆ ಕಾರು ಹೊಸದು. ಅದೇ ಕೆಲಸಕ್ಕೆ ನಾನು ಹದಿನೈದು ದಿನ ತಗಡು ಬಡಿದು, ಪುಟ್ಟಿ ಹಚ್ಚಿ, ಉಜ್ಜಿ, ಬಣ್ಣ ಹೊಡೆಯಬೇಕು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಒಂದು ಸಂಜೆ ಆ ಗೇಮಿನ ಊರಿನಲ್ಲಿ, ಒಂದು ತಿರುವಿನಲ್ಲಿ, ಚೀಲ ಹಿಡಿದ ಒಬ್ಬ ಮನುಷ್ಯ ಅಡ್ಡ ಬಂದ. ಬಡಿದೆ. ಅವನು ಬಾನೆಟ್ ಮೇಲೆ ಬಿದ್ದು, ಗಾಜಿಗೆ ತಲೆ ತಾಗಿ, ಆಚೆ ಉರುಳಿದ. ರಕ್ತವೂ ಬಂತು.

"ವೀಣಾ, ಲಗೂ ಬಾ! ಮನಷ್ಯಾ ಬಡದ ಡೆಂಟ್ ಹಿಂಗ ಬೀಳತೈತಿ ನೋಡು, ಬರೋಬರಿ ಮಾಡ್ಯಾರ!" ಎಂದು ಕೂಗಿದೆ. ನಗುತ್ತಿದ್ದೆ.

ಅವಳು ಬಂದು ಪರದೆಯನ್ನು ನೋಡಲಿಲ್ಲ. ನನ್ನ ಮುಖ ನೋಡಿದಳು. "ನಿನಗ ಹೆಂಗ ಗೊತ್ತಪಾ?"

ಹೇಗೆ ಗೊತ್ತು ಎಂಬುದನ್ನು ನಾನು ಮನೆಯಲ್ಲಿ ಎಂದೂ ಹೇಳಿದವನಲ್ಲ.

ನನಗೆ ಕೆಲಸ ಕಲಿಸಿದ ಉಸ್ತಾದರದು ಒಂದು ಪದ್ಧತಿ ಇತ್ತು. ಒಳಗಿದ್ದವರದೋ ಅಡ್ಡ ಬಂದವರದೋ ಜೀವ ಹೋದ ಗಾಡಿ ಬಂದರೆ ಮೊದಲ ದಿನ ಸುತ್ತಿಗೆ ಮುಟ್ಟಗೊಡುತ್ತಿರಲಿಲ್ಲ. ಬಕೆಟ್ ಹಿಡಿದು ತಾವೊಬ್ಬರೇ ಒಳಗೆ ಕೂತು ತೊಳೆಯುವರು. ಸಿಕ್ಕಿದ ಚಪ್ಪಲಿ, ಕನ್ನಡಕ, ಊಟದ ಡಬ್ಬಿ ಎಲ್ಲ ಒಂದು ಬಟ್ಟೆಯ ಚೀಲಕ್ಕೆ ಹಾಕಿ, ಮನೆಯವರು ಬರುವ ತನಕ ಗೋಡೆಯ ಮೊಳೆಗೆ ತೂಗುಹಾಕುವರು.

ನನಗಾಗ ಇಪ್ಪತ್ತೈದು. ಕೆಲಸ ಕೈಗೆ ಹತ್ತಿತ್ತು, ಅದಕ್ಕಿಂತ ಹೆಚ್ಚು ತಲೆಗೆ ಹತ್ತಿತ್ತು. ಅಂಥದೇ ಒಂದು ಬಿಳಿ ಕಾರಿನ ಬಾಗಿಲನ್ನು ನಾನೇ ತಿದ್ದಿದ್ದೆ. ಒಯ್ಯಲು ತೀರಿಕೊಂಡವನ ಹೆಂಡತಿ ತನ್ನ ಮೈದುನನೊಂದಿಗೆ ಬಂದಳು. ನಾನು ಬಾಗಿಲ ಮೇಲೆ ಬಟ್ಟೆ ಆಡಿಸಿ, "ಅಕ್ಕಾರ, ಪೆಟ್ಟ ಎಲ್ಲಿ ಬಿದ್ದಿತ್ತಂತ ಹುಡುಕ್ರಿ ನೋಡೂಣು. ಯಾರಿಗೂ ಸಿಗಂಗಿಲ್ಲ" ಅಂದೆ.

ಆಕೆ ಖರೇ ಹುಡುಕಿದಳು. ಅಂಗೈಯನ್ನು ಬಾಗಿಲಿನ ಈ ತುದಿಯಿಂದ ಆ ತುದಿಗೆ ಒಯ್ದಳು, ಕೆಳಗೆ ತಂದಳು, ಮತ್ತೆ ಮೇಲೆ ಒಯ್ದಳು. ಮೈದುನ ತಲೆ ತಗ್ಗಿಸಿ ನಿಂತಿದ್ದ. ಕೊನೆಗೆ ಆಕೆ ನನ್ನನ್ನೇ ಕೇಳಿದಳು. "ಎಲ್ಲೈತ್ರಿ? ನನಗ ಸಿಗವಲ್ದು."

ಉಸ್ತಾದರು ಬಂದು ಹಿಡಿಕೆಯ ಕೆಳಗೆ ತಮ್ಮ ಕೈ ಇಟ್ಟು ತೋರಿಸಿದರು. "ಇಲ್ಲೇ ಇತ್ತವಾ ತಂಗಿ." ಆಕೆ ಅಲ್ಲಿ ಕೈ ಇಟ್ಟು ಎಷ್ಟೋ ಹೊತ್ತು ನಿಂತಳು. ಅವರು ಮೊಳೆಯಿಂದ ಚೀಲ ತೆಗೆದು ಕೊಟ್ಟರು. ಗಾಡಿ ಹೋದ ಮೇಲೆ ನನಗೆ ಹೇಳಿದ್ದಿಷ್ಟೇ: "ಕೆಲಸಾ ಛಲೋ ಆಗೈತಿ. ಬಾಯಿ ಮುಚ್ಚಿಕೊಂಡು ಮಾಡೂದು ಕಲಿ."

ಉಸ್ತಾದರು ತೀರಿಕೊಂಡ ಮೇಲೆ ಗಾಡಿ ತೊಳೆಯುವವನು ನಾನೇ, ಚೀಲ ಕಟ್ಟುವವನೂ ನಾನೇ. ಇಷ್ಟು ವರ್ಷ ತೊಳೆದ ಕೈ ಆ ಸಂಜೆ ಪರದೆಯ ಡೆಂಟ್ ನೋಡಿ ಚಪ್ಪಾಳೆ ತಟ್ಟುವುದೊಂದು ಉಳಿದಿತ್ತು.

ಇದಿಷ್ಟನ್ನೂ ಮಗಳಿಗೆ ಹೇಳಿದೆ. ಹೇಳುತ್ತಲೇ ಪರದೆಯ ಕಾರನ್ನು ಆ ತಿರುವಿಗೆ ವಾಪಸ್ ತಂದೆ. ರಸ್ತೆ ಸ್ವಚ್ಛವಾಗಿತ್ತು.

"ಆ ಮನಷ್ಯಾನ ಕೈಯಾಗ ಚೀಲ ಇತ್ತಲ್ಲಾ?" ಅಂದೆ.

"ಸ್ವಲ್ಪ ಹೊತ್ತಿನ ಮ್ಯಾಲ ಎಲ್ಲಾ ಮಾಯ ಆಗ್ತಾವಪಾ. ಗೇಮ್ ಅಲ್ಲ?"

"ಒಯ್ಯಾಕ ಯಾರೂ ಬರಂಗಿಲ್ಲೇನು?"

ಇಂಥ ಗೇಮುಗಳು ತೀರ ಖರೇ ಇದ್ದಂತೆ ಇರುತ್ತವೆ, ಮಕ್ಕಳು ಕೆಡುತ್ತಾರೆ ಎಂದು ಜನ ಹೇಳುವುದನ್ನು ಕೇಳಿದ್ದೇನೆ. ನನ್ನ ಮಗಳೇನೂ ಕೆಟ್ಟಂತೆ ಕಾಣಲಿಲ್ಲ, ನಕ್ಕವನು ನಾನು. ಅಲ್ಲಿ ತಗಡು ಖರೇ, ಗಾಜು ಖರೇ, ರಕ್ತದ ಬಣ್ಣವೂ ಖರೇ. ಆದರೆ ಬಾಗಿಲ ಮೇಲೆ ಅಂಗೈ ಆಡಿಸಲು ಯಾರೂ ಬರುವುದಿಲ್ಲ.

"ಗ್ಯಾರೇಜಿನ್ಯಾಗ ಈಗೂ ಚೀಲ ಐತೇನು?" ಎಂದು ಅವಳು ಕೇಳಿದಳು.

ಒಂದು ಇತ್ತು. ಅದು ಸಿಕ್ಕಿದ ಗಾಡಿಯನ್ನು ತೀರಿಕೊಂಡವನ ಮನೆಯವರು ರಿಪೇರಿಗೆ ಮೊದಲೇ ಮಾರಿದ್ದರು. ಕೊಂಡವನು ಗಾಡಿ ಒಯ್ದ, ಚೀಲ ಉಳಿಯಿತು. ಮೂರು ತಿಂಗಳಾಗಿತ್ತು.

"ನೀ ಯಾಕ ಕೊಟ್ಟು ಬಂದಿಲ್ಲ?"

ಅವರೇ ಬರಲಿ ಎನ್ನುವುದು ಪದ್ಧತಿ ಎಂದೆ. ಪದ್ಧತಿಯ ಮಾತು ನಿಜ. ಆ ಮನೆಯ ಬಾಗಿಲಲ್ಲಿ ಯಾರಾದರೂ ನನ್ನನ್ನು ಏನಾದರೂ ಕೇಳಿಯಾರು ಎಂಬ ಅಂಜಿಕೆಯೂ ಅಷ್ಟೇ ನಿಜ. ಮಗಳಿಗೆ ಎರಡನೆಯದನ್ನು ಹೇಳಲಿಲ್ಲ. ಅವಳಿಗೆ ತಿಳಿಯಿತೆಂದು ಕಾಣುತ್ತದೆ. "ನಾನೂ ಬರ್ತೇನಿ, ನಡಿ. ಇಬ್ಬರೂ ಕೂಡಿ ಕೊಟ್ಟು ಬರೂಣು" ಅಂದಳು.

ಮರುದಿನ ಗ್ಯಾರೇಜಿಗೆ ಬೀಗ ಹಾಕಿ ಅವಳ ಸ್ಕೂಟಿಯ ಹಿಂದೆ ಕೂತೆ. ಹುಬ್ಬಳ್ಳಿಯ ಓಣಿಗಳಲ್ಲಿ ತಿರುವು ಬಂದಲ್ಲೆಲ್ಲ ಮಗಳು ವೇಗ ತಗ್ಗಿಸುತ್ತಿದ್ದಳು. ನಾನು ಚೀಲವನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ಒಳಗೆ ಒಂದು ಕನ್ನಡಕ, ಒಂದು ಊಟದ ಡಬ್ಬಿ. ಡಬ್ಬಿಯ ಮುಚ್ಚಳ ನೆಗ್ಗಿತ್ತು. ನನಗದು ಎರಡು ಪೆಟ್ಟಿನ ಕೆಲಸ. ತಿದ್ದಿರಲಿಲ್ಲ.