ಆರೋಗ್ಯವಂತರ ಗುಂಪು

ನನ್ನ ವಾರಗಿತ್ತಿ, ಅಂದರೆ ನಿಮ್ಮ ದೊಡ್ಡಜ್ಜಿಗೆ ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿದ್ದಾಗ, ಅವಳ ಚೀಲ ಹೊತ್ತು ದುರ್ಗದ ಆಸ್ಪತ್ರೆಗೆ ಹೋಗುತ್ತಿದ್ದವಳು ನಾನು. ಕ್ಯಾನ್ಸರ್ ಮತ್ತು ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಯಾವ ಗುರುತುಗಳು ಸಿಗುತ್ತವೆ ಎಂದು ಅಲ್ಲೊಂದು ಅಧ್ಯಯನ ನಡೆದಿತ್ತು. ಹೋಲಿಸಿ ನೋಡಲು ಆರೋಗ್ಯವಂತರ ರಕ್ತವೂ ಬೇಕಂತೆ.

"ಸಕ್ಕರೆ, ಬಿಪಿ ಏನೂ ಇಲ್ಲ ತಾನೇ ಅಮ್ಮ?" ಎಂದರು ಡಾಕ್ಟರಮ್ಮ.

ಎಂದೂ ಪರೀಕ್ಷೆ ಮಾಡಿಸದವಳ ಧೈರ್ಯದಿಂದ ಇಲ್ಲವೆಂದೆ. ಶಾಲೆಯಲ್ಲೂ ನನ್ನನ್ನು ಯಾರೂ ಯಾವುದಕ್ಕೂ ಆರಿಸಿರಲಿಲ್ಲ. ನಾಚಿಕೊಂಡೇ ತೋಳು ಚಾಚಿದೆ. ಊರಿಗೆ ಮರಳುವಾಗ ಹೊಳಲ್ಕೆರೆ ಬಸ್ಸಿನಲ್ಲಿ ಮಾತ್ರ, ಸೂಜಿ ಚುಚ್ಚಿದಲ್ಲಿ ಹತ್ತಿ ಅಂಟಿಸಿದ್ದ ಆ ತೋಳನ್ನು ಸೆರಗಿನಿಂದ ಹೊರಗಿಟ್ಟುಕೊಂಡೇ ಕೂತಿದ್ದೆ. ಅಂದಿನಿಂದ ವಾರಗಿತ್ತಿಗೆ ಅದು ತಿನ್ನು, ಇದು ಬಿಡು ಎಂದು ಹೇಳುವ ಅಧಿಕಾರವೂ ಬಂತು.

"ಆತು ಬಿಡವ್ವ, ಡಾಕ್ಟ್ರೇ ಒಪ್ಪಿದ ಗಟ್ಟಿಗಿತ್ತಿ ನೀನು," ಎಂದು ಅವಳು ಚುಚ್ಚುತ್ತಿದ್ದಳು.

ಮುಂದಿನ ಸಲ ಹೋದಾಗ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದರು. ತಿಂದ ಸಕ್ಕರೆಯನ್ನು ಮೂರು ತಿಂಗಳು ನೆನಪಿಡುವ ಗುರುತೊಂದು ರಕ್ತದಲ್ಲಿ ಇರುತ್ತದಂತೆ. ನನ್ನದು ಬಹಳ ಮೇಲಿತ್ತು. ಇನ್ನು ಆರೋಗ್ಯವಂತರ ಗುಂಪಿನಲ್ಲಿ ನನಗೆ ಜಾಗವಿಲ್ಲ. ಬೇಕಾದರೆ ಸಕ್ಕರೆಯವರ ಗುಂಪಿಗೆ ಸೇರಬಹುದು. ವಾರಗಿತ್ತಿಯ ಸಕ್ಕರೆ ಸರಿಯಾಗಿಯೇ ಇತ್ತು.

ಬಂದು ಹೇಳಿದರೆ, ಕೂದಲುದುರಿದ ತಲೆಯಿಂದ ಸೆರಗು ಜಾರುವಷ್ಟು ಅವಳು ನಕ್ಕಳು. "ಬಾರೇ, ನಮ್ಮ ಬೆಂಚಲ್ಲಿ ಜಾಗ ಐತೆ, ಕುಂತ್ಕ."

ನನಗೆ ಅಳು ಬಂದಿತ್ತು. ಅವಳಿಗೆ ತೋರಿಸಲಿಲ್ಲ. ಹೊರಗಿನ ಟೀ ಅಂಗಡಿಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅವಳು, "ಎಲ್ಡು ಟೀ ಕೊಡ್ರಿ, ಒಂದಕ್ಕೆ ಸಕ್ರೆ ಬ್ಯಾಡ," ಎಂದು ಕೂಗಿದಳು. ಆಮೇಲೆ ನನ್ನ ಕೈಯಲ್ಲಿದ್ದ ಚೀಲವನ್ನೂ ಕಿತ್ತುಕೊಂಡಳು.

"ಕೊಡಿಲ್ಲಿ, ನಾನು ಹೊರ್ತೀನಿ. ನೀನೀಗ ಪೇಷೆಂಟು."